ನಾಳೆ ಡಿಸ್ಚಾರ್ಜ್ ಎಂದಾಗ ಯಾರನ್ನು ಏನು ಕೇಳಬೇಕು?

ಆಸ್ಪತ್ರೆಯಿಂದ ಮನೆಗೆ ಹೋಗುವ ದಿನದ ಸಿದ್ಧತೆಯ ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕಳುಹಿಸಿದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಈ ಭಾಗದ ವಾರ್ಡುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶುಶ್ರೂಷಕಿಯಾಗಿ ದುಡಿದವಳು ನಾನು. ಇವುಗಳಲ್ಲಿ ಕೆಲವನ್ನು ಓದುವಾಗ, ಹಾಸಿಗೆ ಖಾಲಿ ಮಾಡಬೇಕೆಂಬ ಅವಸರದಲ್ಲಿ ನಾನೇ ಏನನ್ನೂ ಸರಿಯಾಗಿ ಹೇಳಿಕೊಡದೆ ಕಳುಹಿಸಿದ ಕೆಲವರ ಮುಖಗಳು ಕಣ್ಣ ಮುಂದೆ ಬಂದವು. ಪತ್ರ ಬರೆದವರ ಹೆಸರನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಾವನವರಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿವೆ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಹನ್ನೆರಡನೆಯ ದಿನ ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ‘ಇವತ್ತು ಮನೆಗೆ ಹೋಗಬಹುದು’ ಎಂದರು. ಮೂಗಿನಲ್ಲಿ ಊಟದ ನಳಿಕೆ, ಕೆಳಗೆ ಮೂತ್ರದ ನಳಿಕೆ ಎರಡೂ ಹಾಗೆಯೇ ಇದ್ದವು. ಕೈಗೆ ಇಂಗ್ಲಿಷಿನ ಕಾಗದ ಮತ್ತು ಗುಳಿಗೆಗಳ ಚೀಲ ಕೊಟ್ಟರು. ಊರಿಗೆ ಬಂದ ಮೂರನೆಯ ದಿನಕ್ಕೆ ಅವರ ಸೊಂಟದ ಕೆಳಗೆ ಚರ್ಮ ಕೆಂಪಾಗಿದೆ. ಇದನ್ನೆಲ್ಲ ನಮಗೆ ಯಾರು ಹೇಳಿಕೊಡಬೇಕಾಗಿತ್ತು? ಈಗ ಏನು ಮಾಡಬೇಕು?
— ಶಹಾಪುರ ತಾಲ್ಲೂಕಿನ ಓದುಗರು

ಉತ್ತರ: ತಪ್ಪು ನಿಮ್ಮದಲ್ಲ. ಎರಡು ನಳಿಕೆಗಳನ್ನು ಇಟ್ಟು ರೋಗಿಯನ್ನು ಮನೆಗೆ ಕಳುಹಿಸುವಾಗ, ಅಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೆಂದು ಕೇಳಿ, ಅವರನ್ನು ಮಂಚದ ಪಕ್ಕಕ್ಕೆ ಕರೆದು, ಅವರ ಕೈಯಿಂದಲೇ ಎರಡು ಮೂರು ಸಲ ಆ ಕೆಲಸ ಮಾಡಿಸಿ ನೋಡಿದ ಮೇಲೆಯೇ ಕಳುಹಿಸಬೇಕು. ಅದು ವಾರ್ಡಿನ ಶುಶ್ರೂಷಕಿಯ ಹೊಣೆ. ಮನೆಯಲ್ಲಿ ಮಂಚವಿದೆಯೇ, ಹಗಲು ಹೊತ್ತಿನಲ್ಲಿ ಎಲ್ಲರೂ ಹೊಲಕ್ಕೆ ಹೋದರೆ ಹಿರಿಯರ ಬಳಿ ಯಾರಿರುತ್ತಾರೆ, ತಿಂಗಳ ಔಷಧಿಗೆ ಹಣ ಎಲ್ಲಿಂದ, ಮರಳಿ ತೋರಿಸುವ ದಿನ ಹಾಸಿಗೆ ಹಿಡಿದವರನ್ನು ಯಾವ ವಾಹನದಲ್ಲಿ ಕರೆತರುತ್ತಾರೆ ಎಂಬುದನ್ನೆಲ್ಲ ವಿಚಾರಿಸಿ ದಾರಿ ಮಾಡಿಕೊಡುವುದು ವೈದ್ಯಕೀಯ ಸಮಾಜ ಕಾರ್ಯಕರ್ತರ ಹೊಣೆ. ವೈದ್ಯರು ಸಹಿ ಹಾಕುವುದು ಇವೆರಡೂ ಮುಗಿದ ಮೇಲಿನ ಮಾತು. ಲಕ್ವಾ ಹೊಡೆದವರು ದಾಖಲಾದ ಎರಡನೆಯ ಮೂರನೆಯ ದಿನಕ್ಕೇ ಅವರು ನಡೆದುಕೊಂಡು ಮನೆಗೆ ಹೋಗುವುದಿಲ್ಲ ಎಂಬುದು ಸಾಮಾನ್ಯವಾಗಿ ತಿಳಿದಿರುತ್ತದೆ. ಸಿದ್ಧತೆ ಶುರುವಾಗಬೇಕಾದದ್ದೂ ಆ ದಿನವೇ. ಹೋಗುವ ದಿನದ ಬೆಳಿಗ್ಗೆ ಬಿಲ್ಲು, ಔಷಧಿ, ಗಾಡಿ ಎಂದು ಓಡಾಡುತ್ತಿರುವ ಮನೆಯವರ ಕಿವಿಗೆ ಯಾವ ಸೂಚನೆಯೂ ಇಳಿಯುವುದಿಲ್ಲ.

ಮೊದಲು ಆ ಕೆಂಪು ಚರ್ಮವನ್ನು ನೋಡಿ. ಬೆರಳಿನಿಂದ ಒತ್ತಿ ಬಿಟ್ಟಾಗ ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಆ ಜಾಗ ಬಿಸಿಯಾಗಿ ಅಥವಾ ಗಟ್ಟಿಯಾಗಿ ಕೈಗೆ ತಿಳಿಯುವುದೂ ಉಂಟು. ಎಣ್ಣೆ ಹಚ್ಚಿ ಉಜ್ಜಬೇಡಿ. ಉಜ್ಜಿದರೆ ಒಳಗಿನ ಚರ್ಮ ಇನ್ನಷ್ಟು ಹರಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯಲ್ಲೂ ಇದನ್ನು ಬಿಡಬಾರದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಮೀನಖಂಡದ ಕೆಳಗೆ ಮಡಿಚಿದ ಕೌದಿಯನ್ನು ಇಡಿ. ಮಗ್ಗುಲು ಬದಲಿಸುವಾಗ ಸ್ವಾಧೀನ ತಪ್ಪಿದ ಕೈಯನ್ನು ಹಿಡಿದು ಎಳೆಯಬಾರದು. ಹಾಗೆ ಎಳೆದು ಭುಜದ ಕೀಲು ಜಾರಿ, ಆಮೇಲೆ ನೋವಿನಿಂದ ತಿಂಗಳುಗಟ್ಟಲೆ ನರಳಿದವರನ್ನು ನಾನು ಕಂಡಿದ್ದೇನೆ. ಚರ್ಮ ಒಡೆದು ನೀರೂರಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನು ಊಟದ ನಳಿಕೆ. ಮೂಗಿನ ಹತ್ತಿರ ನಳಿಕೆಯ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿಕೊಂಡು, ಪ್ರತಿ ಸಲ ಊಟ ಹಾಕುವ ಮುನ್ನ ಆ ಗುರುತು ಅದೇ ಜಾಗದಲ್ಲಿದೆಯೇ ಎಂದು ನೋಡಬೇಕು. ತಲೆ ಮತ್ತು ಬೆನ್ನನ್ನು ದಿಂಬು ಕೊಟ್ಟು ಅರೆ ಕೂತಂತೆ ಏರಿಸಿ, ಸೋಸಿದ ಗಂಜಿಯನ್ನಾಗಲಿ ಬೇಳೆ ಕಟ್ಟನ್ನಾಗಲಿ ಅದರಷ್ಟಕ್ಕೆ ಇಳಿಯುವಂತೆ ನಿಧಾನವಾಗಿ ಬಿಡಬೇಕು. ಸಿರಿಂಜಿನಿಂದ ಒತ್ತಿ ತಳ್ಳಬಾರದು. ಕೊನೆಯಲ್ಲಿ ಸ್ವಲ್ಪ ನೀರು ಬಿಟ್ಟು ನಳಿಕೆ ತೊಳೆಯಬೇಕು. ಆಮೇಲೆ ಕಡಿಮೆಯೆಂದರೂ ಅರ್ಧ ಗಂಟೆ ಮಲಗಿಸಬಾರದು. ಗುರುತು ಹೊರಗೆ ಜಾರಿದ್ದರೆ, ಕೆಮ್ಮು ಬಂದರೆ ಅಥವಾ ಏದುಸಿರು ಕಂಡರೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜಾರಿದ ನಳಿಕೆಯನ್ನು ಮನೆಯಲ್ಲಿ ಒಳಗೆ ತಳ್ಳುವ ಪ್ರಯತ್ನ ಮಾಡಲೇಬಾರದು. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಎರಡೂ ನಳಿಕೆಗಳನ್ನು ಬದಲಿಸುವ ಅಥವಾ ತೆಗೆಯುವ ದಿನಾಂಕ ಕಾಗದದಲ್ಲಿ ಇಲ್ಲದಿದ್ದರೆ ವಾರ್ಡಿಗೆ ಫೋನು ಮಾಡಿ ಬರೆದುಕೊಳ್ಳಿ. ಎಲ್ಲ ಗುಳಿಗೆಗಳನ್ನೂ ಪುಡಿ ಮಾಡಿ ನಳಿಕೆಯಲ್ಲಿ ಹಾಕುವಂತಿಲ್ಲ, ಕೆಲವನ್ನು ಪುಡಿ ಮಾಡಿದರೆ ಅಪಾಯವಿದೆ; ಯಾವುದು ಆಗುತ್ತದೆ, ಯಾವುದು ಆಗದು ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ.

ಜೇವರ್ಗಿ ಕಡೆಯ ಒಬ್ಬ ಸೊಸೆಗೆ ನಾನು ಇದನ್ನು ಕಲಿಸಿದ್ದು ನೆನಪಿದೆ. ನಾನು ಮಾಡಿ ತೋರಿಸಿ ‘ತಿಳಿಯಿತೇನವ್ವಾ’ ಎಂದಾಗ ಆಕೆ ‘ಹೂಂನ್ರೀ’ ಎಂದಳು. ಹಾಗಾದರೆ ನೀನು ಮಾಡು ಎಂದು ಸಿರಿಂಜನ್ನು ಕೈಗೆ ಕೊಟ್ಟಾಗ ಆಕೆಯ ಕೈ ನಡುಗಿ ಗಂಜಿಯೆಲ್ಲ ದಿಂಬಿನ ಮೇಲೆ ಚೆಲ್ಲಿತು. ಸಂಜೆ ಮತ್ತೆ ಮಾಡಿದಳು, ಮರುದಿನ ಬೆಳಿಗ್ಗೆ ಯಾರೂ ಹೇಳದೆಯೇ ಮೊದಲು ಗುರುತು ನೋಡಿ, ಆಮೇಲೆ ದಿಂಬು ಏರಿಸಿದಳು. ‘ಹೂಂನ್ರೀ’ ಎಂಬ ಮಾತನ್ನು ನಂಬಿ ಅಂದೇ ಕಳುಹಿಸಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಆದ್ದರಿಂದ ಓದುಗರೆಲ್ಲರಲ್ಲಿ ನನ್ನ ವಿನಂತಿ ಇಷ್ಟು: ಸಿಸ್ಟರ್ ಹೇಳಿಕೊಟ್ಟಾಗ ನಾಚಿಕೆಪಡದೆ ‘ನಾನು ಮಾಡುತ್ತೇನೆ, ನೀವು ನೋಡಿ’ ಎಂದು ಕೇಳಿ.

ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಡಿಸ್ಚಾರ್ಜ್ ಕಾಗದ ತೋರಿಸಿ. ಮಾವನವರ ಚಿಕಿತ್ಸೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ನಡೆದಿದ್ದರೆ ಆ ಯೋಜನೆಯ ನೆರವಿಗಾಗಿ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಿರಿ. ಆಯುಷ್ಮಾನ್ ಭಾರತ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಸೇರುತ್ತದೆ ಎಂಬುದು ಬಹಳ ಜನರಿಗೆ ತಿಳಿಯದೆ, ಅದೇ ಗುಳಿಗೆಗಳನ್ನು ಹೊರಗೆ ಸಾಲ ಮಾಡಿ ಕೊಳ್ಳುತ್ತಾರೆ. ಕೈಕಾಲಿನ ದೌರ್ಬಲ್ಯ ಹಾಗೆಯೇ ಉಳಿದು ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆಯಿಲ್ಲವೆಂದು ವೈದ್ಯರು ಪ್ರಮಾಣೀಕರಿಸಿದರೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಮತ್ತು ಮಾಸಾಶನಕ್ಕೆ ಅರ್ಜಿ ಹಾಕಬಹುದು. ಈ ದಾರಿಯನ್ನು ತೋರಿಸುವುದಕ್ಕೇ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇರುವುದು. ಮರಳಿ ತೋರಿಸಲು ಹೋದ ದಿನ ಅವರ ಕೋಣೆ ಎಲ್ಲಿದೆ ಎಂದು ಕೇಳಿ ಹೋಗಿ.

ಪ್ರಶ್ನೆ: ಮಗಳಿಗೆ ಯಾದಗಿರಿಯಲ್ಲಿ ಸಿಸೇರಿಯನ್ ಆಗಿದೆ. ಕೂಸು ಎರಡು ಕಿಲೋ ಇನ್ನೂರು ಗ್ರಾಂ ಇದೆ. ಬಾಣಂತನಕ್ಕೆ ನಮ್ಮ ತಾಂಡಾಕ್ಕೆ ಕರೆತರುತ್ತೇವೆ. ಎರಡು ತಿಂಗಳ ನಂತರ ಅಳಿಯ ಅವಳನ್ನೂ ಕೂಸನ್ನೂ ಪುಣೆಗೆ ದುಡಿಯಲು ಕರೆದೊಯ್ಯುತ್ತೇನೆ ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಏನೇನು ಕೇಳಬೇಕು?
— ಯಾದಗಿರಿ ತಾಲ್ಲೂಕಿನ ತಾಯಿ

ಉತ್ತರ: ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯನ್ನೂ ಕೂಸನ್ನೂ ಮನೆಯವರೆಗೆ ಉಚಿತವಾಗಿ ಬಿಡಬೇಕೆಂಬುದು 2011ರಿಂದ ನಡೆಯುತ್ತಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ, ನಮ್ಮಲ್ಲಿ ಆ ವಾಹನವನ್ನು ನಗು-ಮಗು ಎನ್ನುತ್ತಾರೆ. ಅದನ್ನು ಕೇಳಿ ಪಡೆಯಿರಿ. ಕೂಸಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇರುವುದರಿಂದ ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವ ವಿಧಾನವನ್ನು ಸಿಸ್ಟರ್ ಬಳಿ ಮಗಳೂ ನೀವೂ ಇಬ್ಬರೂ ಕಲಿಯಿರಿ. ತಾಯಿ ಮಲಗಿದಾಗ ಅಜ್ಜಿಯೂ ಹಾಗೆ ಅಪ್ಪಿಕೊಳ್ಳಬಹುದು. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಬಿಸಿಯಾದರೆ, ಉಸಿರಾಡುವಾಗ ಎದೆ ಒಳಗೆ ಸೆಳೆದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಆದರೆ ನಿಮ್ಮ ಮಗಳ ಹೆಸರು ಗಂಡನ ಊರಿನ ಆಶಾ ಬಳಿ ಇರುತ್ತದೆ, ಬಾಣಂತಿ ಇರುವುದು ತವರಿನಲ್ಲಿ. ಆ ಆರು ಭೇಟಿಗಳು ತಪ್ಪಿಹೋಗುವುದು ಹೆಚ್ಚಾಗಿ ಹೀಗೆಯೇ. ಆಸ್ಪತ್ರೆ ಬಿಡುವ ಮುನ್ನ ನಿಮ್ಮ ತಾಂಡಾದ ಆಶಾಗೆ ಸಿಸ್ಟರ್ ಫೋನಿನಿಂದಲೇ ವಿಷಯ ಮುಟ್ಟಿಸಿ. ಪುಣೆಯ ಮಾತನ್ನೂ ಮುಚ್ಚಿಡಬೇಡಿ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗಳನ್ನು ಯಾವ ರಾಜ್ಯದ ಸರ್ಕಾರಿ ಕೇಂದ್ರದಲ್ಲಾದರೂ ಹಾಕಿಸಬಹುದು, ತಾಯಿ ಕಾರ್ಡ್ ಜೊತೆಗಿರಲಿ.

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಸಮಾಜ ಕಾರ್ಯಕರ್ತರು ಒಬ್ಬರೇ. ಎಲ್ಲರೂ ಅವರನ್ನು ಬಿಲ್ಲಿನ ರಿಯಾಯಿತಿ ಪತ್ರಕ್ಕೆ ಮಾತ್ರ ಹುಡುಕುತ್ತಾರೆ. ಡಿಸ್ಚಾರ್ಜ್ ಸಿದ್ಧತೆಯೆಲ್ಲ ನಮ್ಮ ತಲೆಗೇ ಬರುತ್ತದೆ. ನನ್ನ ಕೆಲಸ ಎಲ್ಲಿಗೆ ಮುಗಿಯುತ್ತದೆ, ಅವರದು ಎಲ್ಲಿಂದ ಶುರು?
— ಬೀದರ್

ಉತ್ತರ: ತಂಗಿ, ನಿಮ್ಮ ಆಯಾಸ ನನಗೆ ಅರ್ಥವಾಗುತ್ತದೆ. ರೋಗಿಗಳು ಹೆಚ್ಚಿದ್ದು ಕೈಗಳು ಕಡಿಮೆಯಿರುವ ವಾರ್ಡಿನಲ್ಲಿ ಗೆರೆ ಎಳೆದು ಇದು ನನ್ನದು, ಅದು ಅವರದು ಎನ್ನುವುದು ಸುಲಭವಲ್ಲ; ಹಾಗೆ ಎಳೆಯುವುದು ಒಳ್ಳೆಯದೂ ಅಲ್ಲ ಎಂದು ನನಗನ್ನಿಸುತ್ತದೆ. ಆದರೂ ಎರಡೂ ಕೆಲಸಗಳ ಹುಟ್ಟನ್ನು ನೋಡಿದರೆ ಒಂದು ಸ್ಪಷ್ಟತೆ ಸಿಗುತ್ತದೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1895ರಲ್ಲಿ ಮೇರಿ ಸ್ಟುವರ್ಟ್ ಅವರನ್ನು ನೇಮಿಸಿಕೊಂಡಾಗ ಅವರಿಗೆ ಕೊಟ್ಟ ಕೆಲಸ, ಉಚಿತ ಚಿಕಿತ್ಸೆಗೆ ಯಾರು ಅರ್ಹರು ಎಂದು ವಿಚಾರಿಸುವುದಾಗಿತ್ತು; ಇವತ್ತು ನಿಮ್ಮ ಆಸ್ಪತ್ರೆಯಲ್ಲಿ ರಿಯಾಯಿತಿ ಪತ್ರಕ್ಕೆ ಹುಡುಕುವಂತೆಯೇ. ಹತ್ತು ವರ್ಷಗಳ ನಂತರ, 1905ರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಅವರು, ಬರೆದುಕೊಟ್ಟ ಚಿಕಿತ್ಸೆ ರೋಗಿಯ ಮನೆಯಲ್ಲಿ ಯಾಕೆ ನಡೆಯುತ್ತಿಲ್ಲ ಎಂದು ಯೋಚಿಸಿ ಸಮಾಜ ಕಾರ್ಯದ ವಿಭಾಗವನ್ನು ಆರಂಭಿಸಿದರು. ಆ ವಿಭಾಗಕ್ಕೆ ಮೊದಲಿಗರಾಗಿ ನೇಮಕವಾದ ಗಾರ್ನೆಟ್ ಪೆಲ್ಟನ್ ಮತ್ತು ಅವರ ನಂತರ ಬಂದ ಐಡಾ ಕ್ಯಾನನ್ ಇಬ್ಬರೂ ಶುಶ್ರೂಷಕಿಯರಾಗಿ ತರಬೇತಿ ಪಡೆದವರು ಎಂಬುದನ್ನು ನಿಮಗೆ ಹೇಳಲೇಬೇಕು. ನಮ್ಮ ದೇಶದಲ್ಲಿ 1946ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಈ ಹುದ್ದೆ ಆರಂಭವಾಯಿತು.

ಕ್ಯಾಬಟ್ ಕೇಳಿದ ಪ್ರಶ್ನೆ ನಮ್ಮ ವಾರ್ಡಿನದೂ ಹೌದು. ಒಂದು ಸಂಗತಿ ಹೇಳುತ್ತೇನೆ. ಬೇಸಿಗೆಯಲ್ಲಿ ಒಬ್ಬ ಹಿರಿಯರು ಸಕ್ಕರೆ ವಿಪರೀತ ಏರಿ ಎರಡು ತಿಂಗಳಲ್ಲಿ ಮೂರು ಸಲ ದಾಖಲಾದರು. ಮೂರು ಸಲವೂ ನಾವು ಇನ್ಸುಲಿನ್ ಚುಚ್ಚುವುದನ್ನು ಕಲಿಸಿ ಕಳುಹಿಸಿದ್ದೆವು. ಮೂರನೆಯ ಸಲ ನನಗೆ ಸಿಟ್ಟು ಬಂದು, ‘ಅಜ್ಜಾರೆ, ನೀವು ಚುಚ್ಚಿಕೊಳ್ಳುತ್ತಲೇ ಇಲ್ಲ’ ಎಂದುಬಿಟ್ಟೆ. ಅವರು ಏನೂ ಮಾತನಾಡದೆ ಸಿರಿಂಜ್ ತೆಗೆದುಕೊಂಡು, ಬರೆದ ಅಳತೆಗೆ ಸರಿಯಾಗಿ ಎಳೆದು, ಗುಳ್ಳೆ ತಟ್ಟಿ ತೆಗೆದು ತೋರಿಸಿದರು. ನನಗಿಂತ ಅಚ್ಚುಕಟ್ಟಾಗಿತ್ತು. ಆಗ ನಮ್ಮ ಸಮಾಜ ಕಾರ್ಯಕರ್ತೆ ಅವರ ಪಕ್ಕ ಕೂತು ಅರ್ಧ ಗಂಟೆ ಮಾತನಾಡಿದಳು. ಮನೆ ತಗಡಿನ ಮಾಡಿನದು, ಫ್ರಿಜ್ ಇಲ್ಲ, ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ಅವರು ಇನ್ಸುಲಿನ್ ಬಾಟಲಿಯನ್ನು ತಗಡಿಗೆ ತಾಗುವಂತಿದ್ದ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರು. ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಇನ್ಸುಲಿನ್ ತನ್ನ ಗುಣ ಕಳೆದುಕೊಳ್ಳುತ್ತದೆ. ಒಂದು ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಇನ್ನೊಂದು ಸಣ್ಣ ಗಡಿಗೆಯಿಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದರಲ್ಲಿಡಲು ಅವಳು ಹೇಳಿಕೊಟ್ಟಳು. ಆ ಬೇಸಿಗೆಯಲ್ಲಿ ಅವರು ಮತ್ತೆ ದಾಖಲಾಗಲಿಲ್ಲ. ನಾನು ಕಲಿಸಿದ್ದು ಸರಿಯಾಗಿತ್ತು, ಆದರೆ ಅವರ ಮನೆಯನ್ನು ನಾನು ಕೇಳಿರಲಿಲ್ಲ.

ಆದ್ದರಿಂದ ಹಗಲು ರಾತ್ರಿ ರೋಗಿಯ ಬಳಿ ಇರುವ ನಿಮ್ಮ ಕಣ್ಣಿಗೆ ಮೊದಲು ಬೀಳುವ ಸಂಗತಿಗಳನ್ನು ಸಮಾಜ ಕಾರ್ಯಕರ್ತರಿಗೆ ತಲುಪಿಸುವುದು ನಿಮ್ಮ ಪಾಲು ಎಂದು ನಾನು ಹೇಳುತ್ತೇನೆ. ಭೇಟಿಯ ಹೊತ್ತಿನಲ್ಲಿ ಯಾರೂ ಬಾರದ ಅಜ್ಜಿ, ಆಸ್ಪತ್ರೆಯ ಊಟದಲ್ಲಿ ಅರ್ಧವನ್ನು ಗಂಡನಿಗಾಗಿ ತೆಗೆದಿಡುವ ಹೆಂಗಸು, ಮನೆಗೆ ಹೋಗುವ ಮಾತೆತ್ತಿದರೆ ಮುಖ ತಿರುಗಿಸುವ ಸೊಸೆ, ಇವರ ಹಾಸಿಗೆ ಸಂಖ್ಯೆಗಳನ್ನು ದಿನವೂ ರೌಂಡ್ಸ್ ಮುಗಿದ ಮೇಲೆ ಹತ್ತು ನಿಮಿಷ ಅವರೊಂದಿಗೆ ಕೂತು ಹೇಳಿ. ಎಲ್ಲ ರೋಗಿಗಳೂ ಬೇಕಿಲ್ಲ. ಒಬ್ಬರೇ ವಾಸಿಸುವವರು, ನಳಿಕೆ ಅಥವಾ ಗಾಯದೊಂದಿಗೆ ಹೋಗುವವರು, ತಿಂಗಳೊಳಗೆ ಎರಡನೆಯ ಸಲ ಬಂದವರು, ಮನೆಯಲ್ಲಿ ಹಿಂಸೆಯ ಸುಳಿವಿರುವವರು ಇಷ್ಟು ಜನ ಸಾಕು. ಗುಳಿಗೆ, ಚುಚ್ಚುಮದ್ದು, ಗಾಯದ ಪಟ್ಟಿ, ಅಪಾಯದ ಲಕ್ಷಣ ಇವುಗಳನ್ನು ಕಲಿಸುವುದನ್ನು ಅವರ ಮೇಲೆ ಹಾಕಬೇಡಿ. ಅದಕ್ಕೆ ಅವರಿಗೆ ತರಬೇತಿ ಇಲ್ಲ. ಹಾಗೆಯೇ ಆಶ್ರಯ, ಮಾಸಾಶನ, ಕುಟುಂಬದೊಳಗಿನ ಜಗಳ ಇವುಗಳನ್ನು ನೀವೇ ಮೈಮೇಲೆ ಹಾಕಿಕೊಂಡು ಅರ್ಧಕ್ಕೆ ಬಿಡಬೇಡಿ. ಅವರನ್ನು ಬಿಲ್ಲಿಗೆ ಮಾತ್ರ ಕರೆಯುವ ರೂಢಿಯನ್ನು ಮುರಿಯಬೇಕಾದವರು ವೈದ್ಯಕೀಯ ಅಧೀಕ್ಷಕರು. ಆದರೆ ಕೇಸ್ ಶೀಟಿನಲ್ಲಿ ‘ಸಮಾಜ ಕಾರ್ಯಕರ್ತರಿಗೆ ತಿಳಿಸಲಾಗಿದೆ’ ಎಂದು ನೀವು ದಿನಾಂಕ ಹಾಕಿ ಬರೆಯತೊಡಗಿದರೆ ಅವರ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ.

ಪ್ರಶ್ನೆ: ನನ್ನ ತಮ್ಮ ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ಗುಣಮುಖನಾಗಿದ್ದಾನೆ. ಮುಂದಿನ ವಾರ ಕಳುಹಿಸುತ್ತಾರಂತೆ. ಹಿಂದೊಮ್ಮೆ ಮನೆಗೆ ಬಂದ ಎರಡೇ ತಿಂಗಳಿಗೆ ಗುಳಿಗೆ ಬಿಟ್ಟು ಮತ್ತೆ ಹಾಗೆಯೇ ಆಯಿತು. ಈ ಸಲ ನಮ್ಮನ್ನು ಯಾರಾದರೂ ಕರೆದು ಮಾತನಾಡುತ್ತಾರೆಯೇ?
— ಚಿಂಚೋಳಿ

ಉತ್ತರ: ಕರೆದು ಮಾತನಾಡಲೇಬೇಕು, ಇದು ಕಾನೂನಿನಲ್ಲಿಯೇ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 98ನೆಯ ಕಲಮು ಬಿಡುಗಡೆಯ ಯೋಜನೆಯ ಕುರಿತಾದದ್ದು. ಮನೋವೈದ್ಯರು ನಿಮ್ಮ ತಮ್ಮನೊಂದಿಗೆ, ಅವನ ನಾಮನಿರ್ದೇಶಿತ ಪ್ರತಿನಿಧಿಯೊಂದಿಗೆ (ಅವನ ಪರವಾಗಿ ಮಾತನಾಡಲು ಹೆಸರಿಸಿದವರು), ಅವನು ಯಾರ ಮನೆಯಲ್ಲಿ ಇರುತ್ತಾನೋ ಅವರೊಂದಿಗೆ ಮತ್ತು ಮುಂದೆ ಅವನನ್ನು ನೋಡುವ ಮನೋವೈದ್ಯರೊಂದಿಗೆ ಸಮಾಲೋಚಿಸಿ, ಮುಂದಿನ ಚಿಕಿತ್ಸೆ ಹೇಗೆ ನಡೆಯಬೇಕೆಂದು ಯೋಜನೆ ಮಾಡಬೇಕೆಂದು ಅದು ಹೇಳುತ್ತದೆ. ಬೇರೆ ಕಾಯಿಲೆಗಳವರಿಗೂ ಇಂತಹ ಕಲಮು ಇದ್ದಿದ್ದರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಗುಳಿಗೆ ಬಿಟ್ಟದ್ದು ಏಕೆ ಎಂಬುದನ್ನು ಈ ವಾರವೇ ಅವನನ್ನು ಗದರಿಸದೆ ಕೇಳಿ. ನಿದ್ದೆ ಹೆಚ್ಚಾಗಿ ಕೂಲಿಗೆ ಹೋಗಲು ಆಗುತ್ತಿರಲಿಲ್ಲವೋ, ಕೈ ನಡುಗುತ್ತಿತ್ತೋ, ಊರಿನವರು ಹಂಗಿಸಿದರೋ, ಅಥವಾ ಗುಣವಾಯಿತಲ್ಲ ಎಂದುಕೊಂಡನೋ. ಅಡ್ಡಪರಿಣಾಮವಾದರೆ ಶುಶ್ರೂಷಕಿಯ ಮೂಲಕ ವೈದ್ಯರಿಗೆ ತಿಳಿಸಿದರೆ ಔಷಧಿಯನ್ನೋ ಅದರ ಹೊತ್ತನ್ನೋ ಬದಲಿಸಬಹುದು. ಹಂಗಿಸುವ ಮಾತಾದರೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆಯವರನ್ನು ಕೂಡಿಸಿ ಮಾತನಾಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಇಂತಹ ಸಮಾಜ ಕಾರ್ಯಕರ್ತರಿಗೂ ಶುಶ್ರೂಷಕರಿಗೂ ಸ್ಥಾನವಿದೆ. 1996ರಲ್ಲಿ ದೇಶದ ಕೆಲವೇ ಜಿಲ್ಲೆಗಳಲ್ಲಿ ಆರಂಭವಾದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ತಿಂಗಳ ಗುಳಿಗೆ ನಿಮ್ಮ ತಾಲ್ಲೂಕಿನಲ್ಲಿಯೇ ಯಾವ ದಿನ ಸಿಗುತ್ತದೆ ಎಂಬುದನ್ನು ಹೊರಡುವ ಮುನ್ನ ಬರೆಸಿಕೊಳ್ಳಿ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಪ್ರಶ್ನೆ: ನಮ್ಮ ಅವ್ವನನ್ನು ಖಾಸಗಿ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಕಾಲಿನ ಗಾಯ ಪೂರ್ತಿ ಮಾಯ್ದಿರಲಿಲ್ಲ. ಹಣ ಮುಗಿದದ್ದರಿಂದ ವೈದ್ಯರು ಬೇಡವೆಂದರೂ ‘ನಮ್ಮ ಜವಾಬ್ದಾರಿಯ ಮೇಲೆ’ ಎಂದು ಸಹಿ ಮಾಡಿ ಕರೆತಂದೆವು. ನಿನ್ನೆಯಿಂದ ಜ್ವರ ಬರುತ್ತಿದೆ, ಗಾಯ ವಾಸನೆ ಬರುತ್ತಿದೆ. ಸಹಿ ಮಾಡಿದ್ದೇವಲ್ಲ, ಮತ್ತೆ ಹೋದರೆ ಸೇರಿಸಿಕೊಳ್ಳುತ್ತಾರೆಯೇ?
— ಆಳಂದ

ಉತ್ತರ: ಈ ಪತ್ರಕ್ಕೆ ಫೋನಿನಲ್ಲಿ ಅಂದೇ ಉತ್ತರಿಸಿದ್ದೇನೆ, ಇಂತಹ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿಯೂ ಬರೆಯುತ್ತಿದ್ದೇನೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತೇವೆ ಎಂಬ ಸಹಿ ಆ ದಿನದ ನಿರ್ಧಾರಕ್ಕೆ ಸಂಬಂಧಿಸಿದ್ದು. ಅದರಿಂದ ಮುಂದಿನ ಚಿಕಿತ್ಸೆಯ ಹಕ್ಕು ಹೋಗುವುದಿಲ್ಲ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಸರ್ಕಾರಿ ವೈದ್ಯರಾಗಲಿ ಖಾಸಗಿ ವೈದ್ಯರಾಗಲಿ ಚಿಕಿತ್ಸೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಜ್ವರ ಮತ್ತು ವಾಸನೆ ಎರಡೂ ಇರುವ ಗಾಯಕ್ಕೆ ಮನೆಯಲ್ಲಿ ಅರಿಶಿನ ಹಚ್ಚಿ ನೋಡೋಣ ಎನ್ನುವ ಸಮಯ ಮೀರಿದೆ. ಸಕ್ಕರೆ ಕಾಯಿಲೆ ಇದ್ದರಂತೂ ಒಂದು ರಾತ್ರಿಯೂ ಕಾಯಬಾರದು.

ಹಣ ಸಾಲದೆ ಹೊರಡುವ ನಿರ್ಧಾರವನ್ನು ಮನೆಯವರು ಹೆಚ್ಚಾಗಿ ರಾತ್ರಿ ಕಾರಿಡಾರಿನಲ್ಲಿ ತಮ್ಮತಮ್ಮಲ್ಲೇ ಮಾಡಿಕೊಂಡು ಬೆಳಿಗ್ಗೆ ಹೇಳುತ್ತಾರೆ. ಹಾಗೆ ಮಾಡುವ ಮುನ್ನ ಒಂದು ಮಾತನ್ನು ಸಿಸ್ಟರ್ ಕಿವಿಗೆ ಹಾಕಿದರೆ, ಅವರು ಸಮಾಜ ಕಾರ್ಯಕರ್ತರನ್ನೋ ಆರೋಗ್ಯ ಮಿತ್ರರನ್ನೋ ಕರೆದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸುವ ದಾರಿಯನ್ನಾದರೂ ನೋಡಬಹುದು. ವರ್ಗಾಯಿಸಿದರೆ ಆಂಬುಲೆನ್ಸ್, ಕಾಗದ ಮತ್ತು ಅಲ್ಲಿನ ವಾರ್ಡಿಗೆ ಒಂದು ಫೋನು ಇರುತ್ತದೆ. ಸಹಿ ಮಾಡಿ ಹೊರಟರೆ ಇವು ಯಾವುವೂ ಸಿಗುವುದಿಲ್ಲ.

ಹೋಗುವಾಗ ಹಳೆಯ ಆಸ್ಪತ್ರೆಯ ಚೀಟಿಗಳು, ಉಳಿದ ಗುಳಿಗೆಗಳು, ರೇಷನ್ ಕಾರ್ಡ್ ಮತ್ತು ಅವ್ವನ ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಿ. ಹಳೆಯ ಆಸ್ಪತ್ರೆ ದಾಖಲೆ ಕೊಟ್ಟಿರದಿದ್ದರೆ ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ವೃತ್ತಿಯ 2002ರ ನಿಯಮಾವಳಿಯಲ್ಲಿದೆ. ಆದರೆ ಆ ಕಾಗದಕ್ಕಾಗಿ ಕಾಯುತ್ತ ಕೂರಬೇಡಿ. ದಾಖಲಾದ ದಿನವೇ ವಾರ್ಡಿನ ಸಿಸ್ಟರ್‌ಗೆ ಹಿಂದಿನ ಸಲ ಹೊರಟದ್ದು ಹಣಕ್ಕಾಗಿ ಎಂದು ಸಂಕೋಚವಿಲ್ಲದೆ ಹೇಳಿ, ಗಾಯದ ಪಟ್ಟಿ ಕಟ್ಟುವಾಗ ನಿಮ್ಮಲ್ಲೊಬ್ಬರು ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.